ವಾಟರ್‌ಮಾರ್ಕ್ ಕಾಣದಿದ್ದರೆ ಮೊದಲು ಹೆಡರ್ ನೋಡಿ

ಪ್ರಾಜೆಕ್ಟ್ ರಿಪೋರ್ಟ್ ಕೊಡುವ ದಿನ ಹತ್ತಿರ ಬಂದರೆ ತುಮಕೂರಿನ ಡಿಟಿಪಿ ಅಂಗಡಿಗಳಲ್ಲಿ ಒಂದೇ ಗೋಳು. ಅಕ್ಷರಗಳ ಹಿಂದೆ ಮಸುಕಾಗಿ ಹಾಕಿದ ಲೋಗೋ, ಅಂದರೆ ವಾಟರ್‌ಮಾರ್ಕ್, ಒಂದು ಪುಟದಲ್ಲಿದೆ, ಇನ್ನೊಂದರಲ್ಲಿಲ್ಲ. ನನಗೆ ಬಂದಿರುವ ಪ್ರಶ್ನೆಗಳಲ್ಲೂ ಅದೇ ಜಾಸ್ತಿ. ವಾಟರ್‌ಮಾರ್ಕ್ ಹಾಕೋದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ವರ್ಡ್‌ನಲ್ಲಿ ಡಿಸೈನ್ ಟ್ಯಾಬ್, ಅಲ್ಲಿ ವಾಟರ್‌ಮಾರ್ಕ್, ಆಮೇಲೆ ಕಸ್ಟಮ್ ವಾಟರ್‌ಮಾರ್ಕ್. ಅಷ್ಟು ನಿಮಗೆ ಗೊತ್ತಿದೆ. ಹಾಕಿದ ಮೇಲೆ ಬರುವ ತೊಂದರೆಗಳನ್ನು ನೋಡೋಣ.

ಪ್ರಶ್ನೆ: ಎಂ.ಕಾಂ. ಪ್ರಾಜೆಕ್ಟ್‌ಗೆ ಕಾಲೇಜಿನ ಲೋಗೋ ವಾಟರ್‌ಮಾರ್ಕ್ ಹಾಕಿದ್ದೇನೆ. ಅಧ್ಯಾಯ ಶುರುವಾಗುವ ಪುಟಗಳಲ್ಲಿ ಅದು ಕಾಣುತ್ತಿಲ್ಲ. ಅಡ್ಡ ಪುಟದ ಟೇಬಲ್ ಆದ ಮೇಲಂತೂ ಪೂರ್ತಿ ಮಾಯ. ‘ಆಫೀಸ್ ಕರಪ್ಟ್ ಆಗಿದೆ, ಮತ್ತೆ ಇನ್‌ಸ್ಟಾಲ್ ಮಾಡಬೇಕು’ ಎಂದು ಅಂಗಡಿಯವರು ದುಡ್ಡು ಕೇಳುತ್ತಿದ್ದಾರೆ. ಏನು ಮಾಡಲಿ? (ತಿಪಟೂರಿನ ವಿದ್ಯಾರ್ಥಿನಿ)

ದುಡ್ಡು ಕೊಡಬೇಡಿ. ನಿಮ್ಮ ಆಫೀಸ್‌ಗೆ ಏನೂ ಆಗಿಲ್ಲ. ಆಗಿದ್ದರೆ ಒಂದು ಪುಟದಲ್ಲೂ ಲೋಗೋ ಬರುತ್ತಿರಲಿಲ್ಲ, ಅಲ್ವಾ? ಮತ್ತೆ ಇನ್‌ಸ್ಟಾಲ್ ಮಾಡಿದರೂ ಇದೇ ಫೈಲ್ ತೆರೆದಾಗ ಇದೇ ತೊಂದರೆ ಕಾಣುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ಪರೀಕ್ಷೆಯ ಹೊತ್ತಿನಲ್ಲಿ ಮಕ್ಕಳನ್ನು ಹೆದರಿಸಿ ದುಡ್ಡು ಕೀಳುವುದು ತಪ್ಪು.

ನೀವು ಹಾಕಿದ ಲೋಗೋ ಪುಟದ ನಡುವೆ ಕಾಣುತ್ತದೆ, ನಿಜ. ಆದರೆ ವರ್ಡ್ ಅದನ್ನು ಇಟ್ಟಿರುವುದು ಹೆಡರ್‌ನಲ್ಲಿ, ಅಂದರೆ ಪುಟದ ಮೇಲಿನ ಅಂಚಿನ ಜಾಗದಲ್ಲಿ. ಹೆಡರ್‌ಗೆ ಗಂಟು ಹಾಕಿ ಅಕ್ಷರಗಳ ಹಿಂದೆ ತೇಲಿಬಿಟ್ಟಿದೆ. ಆದ್ದರಿಂದ ಹೆಡರ್ ಎಲ್ಲಿ ಬದಲಾಗುತ್ತದೋ ಅಲ್ಲಿ ಲೋಗೋ ಕೈಕೊಡುತ್ತದೆ.

ಹೆಡರ್ ಬದಲಾಗುವುದು ಸೆಕ್ಷನ್‌ಗಳಿಂದ, ಅಂದರೆ ಒಂದೇ ಫೈಲಿನೊಳಗೆ ಮಾಡಿಕೊಂಡ ಬೇರೆ ಬೇರೆ ಭಾಗಗಳಿಂದ. ಟೇಬಲ್‌ಗಾಗಿ ಒಂದು ಪುಟವನ್ನು ಮಾತ್ರ ಅಡ್ಡ ಮಾಡಬೇಕೆಂದರೆ ಅದರ ಹಿಂದೆ ಮುಂದೆ ಸೆಕ್ಷನ್ ಬ್ರೇಕ್ ಬಂದೇ ಬರುತ್ತದೆ. ಪೀಠಿಕೆಗೆ ರೋಮನ್ ಅಂಕಿ, ಅಧ್ಯಾಯಗಳಿಗೆ 1, 2, 3 ಬೇಕೆಂದರೂ ಅಷ್ಟೇ. ನೋಡೋಕೆ ಒಂದೇ ಫೈಲ್, ಆದರೆ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದು ಒಲೆ ಬೇರೆ ಮಾಡಿಕೊಂಡ ಹಾಗೆ ಒಳಗೆ ಒಂದೊಂದು ಸೆಕ್ಷನ್‌ಗೂ ಬೇರೆ ಹೆಡರ್ ಇರಬಹುದು.

ಸುಮ್ನೆ ಊಹೆ ಮಾಡಬೇಡಿ. ಲೋಗೋ ಕಾಣದ ಪುಟಕ್ಕೆ ಹೋಗಿ, ಮೇಲಿನ ಅಂಚಿನಲ್ಲಿ ಎರಡು ಸಲ ಕ್ಲಿಕ್ ಮಾಡಿ. ಹೆಡರ್ ತೆರೆಯುತ್ತದೆ, ಎಡಗಡೆ ಒಂದು ಸಣ್ಣ ಚೀಟಿ ಕಾಣುತ್ತದೆ. ಅದನ್ನು ಓದಿ. ಯಾರೂ ಓದುವುದಿಲ್ಲ, ನನಗೆ ಬೇಜಾರಾಗುವುದೇ ಅದಕ್ಕೆ. ಅದು ಯಾವ ಸೆಕ್ಷನ್, ಯಾವ ಬಗೆಯ ಹೆಡರ್ ಅನ್ನುವುದನ್ನು ಚೀಟಿಯೇ ಹೇಳುತ್ತದೆ.

ಚೀಟಿಯಲ್ಲಿ ‘ಫಸ್ಟ್ ಪೇಜ್ ಹೆಡರ್’ ಎಂದಿದ್ದರೆ ಆ ಸೆಕ್ಷನ್‌ಗೆ ‘ಡಿಫರೆಂಟ್ ಫಸ್ಟ್ ಪೇಜ್’ ಟಿಕ್ ಆಗಿದೆ ಎಂದರ್ಥ. ನಿಮ್ಮ ಅಧ್ಯಾಯಗಳ ಮೊದಲ ಪುಟ ಖಾಲಿ ಇರಲು ಇದೇ ಕಾರಣ ಇರಬೇಕು. ಅಧ್ಯಾಯದ ಮೊದಲ ಪುಟದಲ್ಲಿ ಪುಟಸಂಖ್ಯೆ ಬೇಡ ಎಂದು ಯಾರೋ ಟಿಕ್ ಹಾಕಿರುತ್ತಾರೆ. ಅದರ ಅಗತ್ಯ ಇಲ್ಲದಿದ್ದರೆ ಟಿಕ್ ತೆಗೆಯಿರಿ. ಒಂದು ಪುಟ ಬಿಟ್ಟು ಒಂದು ಪುಟದಲ್ಲಿ ಲೋಗೋ ಬರುತ್ತಿದ್ದರೆ ಅದರ ಪಕ್ಕದ ‘ಡಿಫರೆಂಟ್ ಆಡ್ ಅಂಡ್ ಈವನ್ ಪೇಜಸ್’ ನೋಡಿ.

ಇನ್ನು ಅಡ್ಡ ಪುಟ. ಅಲ್ಲಿ ಚೀಟಿಯ ಸಾಲಿನ ಬಲಗಡೆ ‘ಸೇಮ್ ಆ್ಯಸ್ ಪ್ರೀವಿಯಸ್’ ಎಂಬ ಮಾತು ಇಲ್ಲದಿದ್ದರೆ ಹಿಂದಿನ ಸೆಕ್ಷನ್ ಜೊತೆಗಿನ ಕೊಂಡಿ ಕಡಿದಿದೆ. ಎಲ್ಲರೂ ಹೇಳುವ ಉಪಾಯ ‘ಲಿಂಕ್ ಟು ಪ್ರೀವಿಯಸ್’ ಒತ್ತು ಅನ್ನುವುದು. ನಾನು ಆ ಸಲಹೆ ಕೊಡುವುದಿಲ್ಲ. ಅದನ್ನು ಒತ್ತಿದರೆ ಲೋಗೋ ಬರುತ್ತದೆ, ಆದರೆ ಆ ಸೆಕ್ಷನ್‌ನ ಹೆಡರ್‌ನಲ್ಲಿ ನೀವು ಬರೆದ ಅಧ್ಯಾಯದ ಹೆಸರು ಅಳಿಸಿಹೋಗಿ ಹಿಂದಿನದರ ಹೆಸರು ಕೂರುತ್ತದೆ. ನಾಲ್ಕನೇ ಅಧ್ಯಾಯದ ಮೇಲೆ ಮೂರನೇ ಅಧ್ಯಾಯದ ಹೆಸರು ಹೊತ್ತು ಬೈಂಡಿಂಗ್ ಆಗಿ ಹೋದ ರಿಪೋರ್ಟ್‌ಗಳನ್ನು ನೋಡಿದ್ದೇನೆ.

ನನ್ನ ದಾರಿ ಬೇರೆ. ಲೋಗೋ ಸರಿಯಾಗಿ ಬಂದಿರುವ ಪುಟದಲ್ಲಿ ಹೆಡರ್ ತೆರೆಯಿರಿ. ಹಾಗೆ ತೆರೆದಾಗ ಮಾತ್ರ ಲೋಗೋ ಮೇಲೆ ಕ್ಲಿಕ್ ಮಾಡಲು ಆಗುತ್ತದೆ. ಅದನ್ನು ಕಾಪಿ ಮಾಡಿ, ಲೋಗೋ ಇಲ್ಲದ ಸೆಕ್ಷನ್‌ನ ಹೆಡರ್ ಒಳಗೆ ಪೇಸ್ಟ್ ಮಾಡಿ. ಟಿಕ್ ತೆಗೆಯಲು ಆಗದ ಮೊದಲ ಪುಟಕ್ಕೂ ಹೀಗೇ ಮಾಡಿ. ಅಧ್ಯಾಯದ ಹೆಸರು ಹಾಗೇ ಉಳಿಯುತ್ತದೆ. ಒಂದು ಎಚ್ಚರಿಕೆ: ಮುಂದಿನ ಸೆಕ್ಷನ್ ಇದಕ್ಕೆ ಕೊಂಡಿ ಹಾಕಿಕೊಂಡಿದ್ದರೆ ಅಲ್ಲಿಗೂ ಲೋಗೋ ತಾನಾಗಿಯೇ ಹೋಗುತ್ತದೆ. ಅಲ್ಲಿ ಮತ್ತೆ ಪೇಸ್ಟ್ ಮಾಡಿದರೆ ಒಂದರ ಮೇಲೊಂದು ಎರಡು ಲೋಗೋ ಕೂತು ಬಣ್ಣ ಗಾಢವಾಗಬಹುದು. ಒಂದು ಸೆಕ್ಷನ್ ಮುಗಿಸಿ, ಕೆಳಗೆ ಇಳಿದು ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಕೆಲಸ ಶುರು ಮಾಡುವ ಮೊದಲು ಫೈಲಿನ ಒಂದು ಪ್ರತಿ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

‘ರಿಮೂವ್ ವಾಟರ್‌ಮಾರ್ಕ್ ಒತ್ತಿದರೂ ಹೋಗುತ್ತಿಲ್ಲ’ ಎಂದು ಕೇಳಿದವರಿಗೂ ಇದೇ ಉತ್ತರ. ಹೆಡರ್ ತೆರೆದು, ಚಿತ್ರ ಹಿಡಿದು, ಡಿಲೀಟ್ ಒತ್ತಿ.

ಎಲ್ಲ ಸರಿಯಾದ ಮೇಲೆ ಪಿಡಿಎಫ್ ಮಾಡಿಕೊಂಡು ಅದನ್ನೇ ಪ್ರಿಂಟಿಗೆ ಒಯ್ಯಿರಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ಬೇರೆ ವರ್ಡ್ ಇದ್ದರೆ ಪುಟಗಳು ಜರುಗುತ್ತವೆ.

ಪ್ರಶ್ನೆ: ಕೆಲವು ಪ್ಯಾರಾಗಳ ಹಿಂದೆ ಮಾತ್ರ ಲೋಗೋ ಬಿಳಿ ಪಟ್ಟಿಯಂತೆ ಅಳಿಸಿದ ಹಾಗಿದೆ. (ಮುಳಬಾಗಿಲು)

ಇಂಟರ್‌ನೆಟ್‌ನಿಂದ ಕಾಪಿ ಮಾಡಿದ್ದೀರಿ. ಆ ಅಕ್ಷರಗಳ ಜೊತೆ ಬಿಳಿ ಶೇಡಿಂಗ್ (ಅಕ್ಷರಗಳ ಹಿಂದಿನ ಬಣ್ಣ) ಕೂಡ ಬಂದಿದೆ. ಅದನ್ನು ಆಯ್ಕೆ ಮಾಡಿ ಶೇಡಿಂಗ್‌ನಲ್ಲಿ ‘ನೋ ಕಲರ್’ ಕೊಡಿ. ಬಿಳಿ ಬಣ್ಣ ಬೇರೆ, ಬಣ್ಣ ಇಲ್ಲದಿರುವುದು ಬೇರೆ. ಟೇಬಲ್‌ಗೂ ಇದೇ ಮಾತು.

ಪ್ರಶ್ನೆ: ನಮ್ಮ ಸಂಘದ ಲೋಗೋವನ್ನು ವರ್ಡ್ ತೆಗೆದುಕೊಳ್ಳುತ್ತಲೇ ಇಲ್ಲ, ಎರರ್ ತೋರಿಸುತ್ತದೆ. ಫೈಲಿನ ಹೆಸರಿನ ಕೊನೆಗೆ ಜೆಪಿಜಿ ಎಂದು ಬದಲಿಸಿದರೂ ಆಗಲಿಲ್ಲ. (ಶಿಡ್ಲಘಟ್ಟ)

ಹೆಸರು ಬದಲಿಸಿದರೆ ಒಳಗಿರುವುದು ಬದಲಾಗುವುದಿಲ್ಲ. ಈ ಉಪಾಯವನ್ನು ಯಾರು ಹರಡಿದರೋ, ದಯವಿಟ್ಟು ನಿಲ್ಲಿಸಿ. ಬ್ರೌಸರ್‌ನಿಂದ ಇಳಿಸಿದ ಚಿತ್ರ ವೆಬ್‌ಪಿ ಆಗಿರಬಹುದು. ಐಫೋನ್‌ನಲ್ಲಿ ತೆಗೆದದ್ದಾದರೆ ಎಚ್‌ಇಐಸಿ ಇರಬಹುದು. ಹಳೆಯ ವರ್ಡ್‌ಗೆ ಇವು ಅರ್ಥವಾಗುವುದಿಲ್ಲ. ಪೇಂಟ್‌ನಲ್ಲಿ ತೆರೆದು ‘ಸೇವ್ ಆ್ಯಸ್’ ಕೊಟ್ಟು ಪಿಎನ್‌ಜಿ ಮಾಡಿ. ಫ್ಲೆಕ್ಸ್ ಅಂಗಡಿಯವರು ಕೊಟ್ಟ ಕೋರೆಲ್‌ಡ್ರಾ ಫೈಲ್ ಆಗಿದ್ದರೆ ಅವರ ಹತ್ತಿರವೇ ಪಿಎನ್‌ಜಿ ಕೇಳಿ ಪಡೆಯಿರಿ.

ಪ್ರಶ್ನೆ: ತೆರೆಯ ಮೇಲೆ ಕಾಣುತ್ತದೆ, ಪ್ರಿಂಟ್‌ನಲ್ಲಿ ಇಲ್ಲ. (ಕೋಲಾರ)

ಫೈಲ್, ಆಪ್ಷನ್ಸ್, ಡಿಸ್‌ಪ್ಲೇ. ಅಲ್ಲಿ ‘ಪ್ರಿಂಟ್ ಡ್ರಾಯಿಂಗ್ಸ್ ಕ್ರಿಯೇಟೆಡ್ ಇನ್ ವರ್ಡ್’ ಟಿಕ್ ಇರಬೇಕು. ಅದು ಇದ್ದೂ ಬರದಿದ್ದರೆ ಕಸ್ಟಮ್ ವಾಟರ್‌ಮಾರ್ಕ್ ಪೆಟ್ಟಿಗೆಯಲ್ಲಿ ‘ವಾಷ್‌ಔಟ್’ ಟಿಕ್ ತೆಗೆದು ನೋಡಿ. ಮೊದಲೇ ತಿಳಿ ಬಣ್ಣದ ಲೋಗೋ ಅದರಿಂದ ಇನ್ನೂ ಮಂಕಾಗಿ ಕಾಗದದಲ್ಲಿ ಕಾಣದೆ ಹೋಗುತ್ತದೆ.

ಪ್ರಶ್ನೆ: ಲಿಬ್ರೆಆಫೀಸ್‌ನ ವಾಟರ್‌ಮಾರ್ಕ್‌ನಲ್ಲಿ ಚಿತ್ರ ಹಾಕುವ ಜಾಗವೇ ಸಿಗಲಿಲ್ಲ. (ಗೌರಿಬಿದನೂರು)

ಲಿಬ್ರೆಆಫೀಸ್ ವರ್ಡ್‌ನಂಥದೇ ಉಚಿತ ತಂತ್ರಾಂಶ, ಅಲ್ಲಿ ಆ ಮೆನು ಅಕ್ಷರಗಳಿಗೆ ಮಾತ್ರ. ಚಿತ್ರಕ್ಕೆ ಪೇಜ್ ಸ್ಟೈಲ್ ತೆರೆದು ಏರಿಯಾದಲ್ಲಿ ಇಮೇಜ್ ಆರಿಸಿ.

ಪ್ರಶ್ನೆ: ವಾಟರ್‌ಮಾರ್ಕ್ ಹಾಕಿದರೆ ನಮ್ಮ ದಾಖಲೆಯನ್ನು ಯಾರೂ ನಕಲು ಮಾಡೋಕೆ ಆಗಲ್ಲ ತಾನೇ? (ಶಿರಾ)

ಆಗುತ್ತದೆ. ಹೆಡರ್ ತೆರೆದು ಅಳಿಸುವುದನ್ನು ನಾನೇ ಈಗ ಮೇಲೆ ಹೇಳಿಕೊಟ್ಟೆ.

ಪ್ರಶ್ನೆ: ನಮ್ಮದು ಖಾಸಗಿ ಸೇವಾ ಕೇಂದ್ರ. ರಸೀದಿಗೆ ನಾಲ್ಕು ಸಿಂಹದ ಲಾಂಛನ ಹಾಕಿದರೆ ಜನಕ್ಕೆ ನಂಬಿಕೆ ಬರುತ್ತದೆ. ಆದರೆ ಚಿತ್ರ ಮಸುಕಾಗಿ ಬರುತ್ತಿದೆ. (ಚಿಂತಾಮಣಿ)

ಚಿತ್ರ ಸರಿಮಾಡಲು ನಾನು ಹೇಳಿಕೊಡುವುದಿಲ್ಲ. ಅದನ್ನು ಈಗಲೇ ತೆಗೆಯಿರಿ. ರಾಷ್ಟ್ರ ಲಾಂಛನವನ್ನು ಹೀಗೆ ವ್ಯಾಪಾರಕ್ಕೆ ಬಳಸುವುದನ್ನು 2005ರ ಕಾಯ್ದೆ ತಡೆದಿದೆ. 2 ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸರ್ಕಾರಿ ಕಚೇರಿ ಎಂದು ನಂಬಿ ಬರುವ ಹಳ್ಳಿಯ ಜನಕ್ಕೆ ಅದು ಮೋಸವೂ ಹೌದು. ನಿಮ್ಮ ಅಂಗಡಿಯ ಹೆಸರನ್ನೇ ವಾಟರ್‌ಮಾರ್ಕ್ ಮಾಡಿ. ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಾದರೆ ಕಸ್ಟಮ್ ವಾಟರ್‌ಮಾರ್ಕ್ ಪೆಟ್ಟಿಗೆಯಲ್ಲಿ ಫಾಂಟ್ ಕೂಡ ನುಡಿಯದೇ ಆರಿಸಬೇಕು, ಇಲ್ಲದಿದ್ದರೆ ಅಕ್ಷರಗಳು ಕಲಸಿಹೋಗುತ್ತವೆ. ಯುನಿಕೋಡ್ ಆದರೆ ತುಂಗಾ ಅಥವಾ ನಿರ್ಮಲಾ ಸಾಕು.