ಎಂ.ವಿ. ರಾಜಮ್ಮ ನಿರ್ಮಾಪಕಿಯೂ ಹೌದು

ಹಳೆಯ ಕಾಲದಲ್ಲಿ ಕನ್ನಡದ ನಟಿಯರು ಯಾರಾದರೂ ಸ್ವಂತವಾಗಿ ಸಿನಿಮಾ ತೆಗೆದಿದ್ದರಾ ಅಂತ ಕೇಳಿದ್ದೀರಿ. ತೆಗೆದಿದ್ದರು. 1943ರ ‘ರಾಧಾ ರಮಣ’ ಎಂ.ವಿ. ರಾಜಮ್ಮ ಅವರ ನಿರ್ಮಾಣ. ಕನ್ನಡದ ಮೊದಲ ನಿರ್ಮಾಪಕಿ ಅಂತ ಅವರನ್ನೇ ಹೇಳುತ್ತಾರೆ.

ಆ ಕಾಲ ಹೇಗಿತ್ತು ನೋಡಿ. ಮೊದಲ ಕನ್ನಡ ಟಾಕಿ, ಅಂದರೆ ಮಾತಿನ ಚಿತ್ರ, ಬಂದಿದ್ದೇ 1934ರಲ್ಲಿ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು, ಮೇಲೆ ಯುದ್ಧದ ದಿನಗಳು. ಅಂಥ ಹೊತ್ತಿನಲ್ಲಿ ನಟಿಯೊಬ್ಬರು ನಿರ್ಮಾಣಕ್ಕೆ ಕೈ ಹಾಕೋದು ಸುಮ್ನೆ ಮಾತಾ? ಮುಂದೆ ನಿರ್ದೇಶಕರಾದ ಜಿ.ವಿ. ಅಯ್ಯರ್, ಹಾಸ್ಯನಟ ಬಾಲಕೃಷ್ಣ ಇಬ್ಬರೂ ತೆರೆಗೆ ಬಂದಿದ್ದು ‘ರಾಧಾ ರಮಣ’ದಿಂದಲೇ. ಇದನ್ನು ಯಾರೂ ಜಾಸ್ತಿ ನೆನಪಿಸಿಕೊಳ್ಳೋದಿಲ್ಲ ಅನ್ನೋದು ನನಗೆ ಬೇಸರ.

ರಾಜಮ್ಮ ನಾಟಕದಿಂದ ಬಂದವರು. ಅವರ ಮೊದಲ ಚಿತ್ರ ‘ಸಂಸಾರ ನೌಕೆ’ (1936) ಕೂಡ ಮೊದಲು ರಂಗದ ಮೇಲೆ ಆಡಿದ ಕಥೆಯೇ. ಜೋಡಿ ಬಿ.ಆರ್. ಪಂತುಲು. ಆಮೇಲೆ ತಮಿಳಿನಲ್ಲೂ ನಾಯಕಿಯಾದರು. ಬಹಳ ಜನರಿಗೆ ಅವರು ಗೊತ್ತಿರೋದು ಅಮ್ಮನ ಪಾತ್ರಗಳಿಂದ, ಅಲ್ವಾ? ಅವರ ಚಿತ್ರ ನೋಡೋದಾದರೆ ನೀವು 1958ರ ‘ಸ್ಕೂಲ್ ಮಾಸ್ಟರ್’ನಿಂದ ಶುರು ಮಾಡಿ. ಅದರಲ್ಲೂ ಪಂತುಲು ಅವರೇ ಜೋಡಿ, ನಿರ್ದೇಶನವೂ ಅವರದೇ.