ಅಂಗಳಕ್ಕೊಂದು ಜಿಲ್ಲೆ, ಹಿತ್ತಲಿಗೊಂದು ಜಿಲ್ಲೆ

ದೋಸ್ತ, ಮೊನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಕೊಡಬೇಕು ಅಂತಿದ್ದೆ. ಎರಡು ಸಲ ಕಟ್ ಆಯ್ತು. ಮೂರನೇ ಸಲ ನೀನೇ ಎತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ಟವರ್‌ಗೆ ಹೊಸ ಡಬ್ಬಿ ಕಟ್ಟಿದ್ರೆ ನೋಡೋಕೆ ಬೈಕ್ ತಗೊಂಡು ಹೋಗ್ತೀಯಂತೆ? ನಿಮ್ಮ ಕಡೆ ಇನ್ನೂ ಅದೆಲ್ಲ ದೊಡ್ಡ ವಿಷಯನಾ? ಅಂದ ಹಾಗೆ ನಿಮ್ದು ಬಾರ್ಡರ್ ಅಲ್ವಾ, ಮಹಾರಾಷ್ಟ್ರದ ನೆಟ್‌ವರ್ಕ್ ಬರುತ್ತಾ?" ಅಂದೆ. ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ.

ಕೊನೆಯದನ್ನು ಮೊದಲು ಮುಗಿಸುತ್ತೇನೆ. ಬೆಂಗಳೂರಿನವರಿಗೆ ದಾವಣಗೆರೆ ದಾಟಿದರೆ ಎಲ್ಲಾ ಬಾರ್ಡರೇ. ನಾನಿರುವುದು ಹುಬ್ಬಳ್ಳಿಯಲ್ಲಿ. ನಮ್ಮೂರು ಇರುವುದು ಕಲಘಟಗಿ ತಾಲೂಕಿನ ಅಂಚಿನಲ್ಲಿ. ಅಲ್ಲಿಂದ ರಾಜ್ಯದ ಗಡಿ ಮುಟ್ಟಬೇಕಾದರೆ ಹಳಿಯಾಳ, ಜೋಯಿಡಾ ಎಲ್ಲ ದಾಟಬೇಕು. ದಾಟಿದರೂ ಸಿಗುವುದು ಗೋವಾ. 1956ರ ನವೆಂಬರ್ 1ರ ತನಕ ನಾವು ಮುಂಬೈ ರಾಜ್ಯದಲ್ಲಿದ್ದೆವು, ನಿಜ. ಅದು ನಮ್ಮಜ್ಜನ ಕಾಲ. ಆಮೇಲೂ ನಮ್ಮನ್ನು ಮುಂಬೈ ಕರ್ನಾಟಕ ಅಂತಲೇ ಕರೆದರು. 2021ರಲ್ಲಿ ಸರ್ಕಾರ ಅದನ್ನು ಕಿತ್ತೂರು ಕರ್ನಾಟಕ ಮಾಡಿತು. ಆ ಸುದ್ದಿ ಬಂದಾಗ ನೀನು ಯಾವುದೋ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಇದ್ದೆ ಅನಿಸುತ್ತೆ, ರೇಂಜ್ ಇರಲಿಲ್ಲ.

ನನ್ನ ಮಾತು ನಂಬದಿದ್ದರೆ ಫೋನನ್ನು ಕೇಳು. ಪ್ರತಿ ಟವರೂ ತನ್ನ ಕಂಪನಿ ಯಾವುದು, ಸರ್ಕಲ್ (ಅಂದರೆ ಫೋನ್ ಸೇವೆಗೆ ಅಂತ ದೇಶವನ್ನು ಹಂಚಿದ ವಲಯ) ಯಾವುದು ಅಂತ ಒಂದು ನಂಬರನ್ನು ಸದಾ ಸಾರುತ್ತಿರುತ್ತದೆ. ಬಿಎಸ್‌ಎನ್‌ಎಲ್‌ನ ಕರ್ನಾಟಕ ಸರ್ಕಲ್‌ಗೆ 404-71, ಏರ್‌ಟೆಲ್‌ಗೆ 404-45. ಮಹಾರಾಷ್ಟ್ರ, ಗೋವಾ ಸೇರಿ ಇನ್ನೊಂದು ಸರ್ಕಲ್. ಅಲ್ಲಿ ಅವೇ 404-66, 404-90 ಆಗುತ್ತವೆ. ಹುಬ್ಬಳ್ಳಿಯಿಂದ ಗೋವಾ ರೈಲಿನಲ್ಲಿ ಹೋಗು. ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್ ಎಲ್ಲಾ ನಮ್ಮದೇ. ಘಟ್ಟ ಇಳಿದ ಮೇಲೆಯೇ ಆ ನಂಬರ್ ಬದಲಾಗುವುದು. ನಮ್ಮ ಮನೆಯ ಯಾವ ಮೂಲೆಯಲ್ಲಿ ನಿಂತರೂ ಫೋನು ತೋರಿಸುವುದು ಕರ್ನಾಟಕವನ್ನೇ. ಆಧಾರ್ ಕಾರ್ಡಿಗಿಂತ ಗಟ್ಟಿ ಸಾಕ್ಷಿ ಇದು.

ಇನ್ನು ಬೈಕ್ ತಗೊಂಡು ಹೋಗುವ ವಿಷಯ. ಹೌದು, ಹೋಗುತ್ತೇನೆ. ಕೆಲವರು ಹಕ್ಕಿ ನೋಡಲು ದಾಂಡೇಲಿಗೆ ಹೋಗುತ್ತಾರೆ, ಅವರನ್ನು ಯಾರೂ ಏನೂ ಕೇಳುವುದಿಲ್ಲ.

ನಾನು ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವನು, ನಿನಗೆ ಗೊತ್ತು. ಒಂದು ಹಳೇ ಕಿರ್ದಿ ಪುಸ್ತಕ ಮಿಕ್ಕಿತ್ತು. ಅದರಲ್ಲಿ ತಾರೀಖು, ಜಾಗ, ಬ್ಯಾಂಡ್ (ಟವರು ಯಾವ ಅಳತೆಯ ತರಂಗ ಬಿಡುತ್ತಿದೆ ಅಂತ), ಮೈನಸ್ ಎಷ್ಟು, ಷರಾ ಅಂತ ಗೆರೆ ಎಳೆದುಕೊಂಡಿದ್ದೇನೆ. ಸಿಗ್ನಲ್ ಅಳೆಯುವುದು ಮೈನಸ್ಸಿನಲ್ಲಿ. ಮೈನಸ್ 85 ಅಂದರೆ ಹಬ್ಬ. 100 ಅಂದರೆ ನಡೆಯುತ್ತೆ. 110 ದಾಟಿದರೆ ಕೈಯಲ್ಲಿ ಹಿಡಿದು ಓಡಾಡಬೇಕು. 120ಕ್ಕೆ ಫೋನು ಬರೀ ಗಡಿಯಾರ. ಈ ಲೆಕ್ಕ ನೋಡಿ ನಮ್ಮಣ್ಣನ ಮಕ್ಕಳು ನನಗೆ ರೇಂಜ್ ಕಾಕಾ ಅಂತ ಹೆಸರಿಟ್ಟಿದ್ದಾರೆ.

ಹುಬ್ಬಳ್ಳಿ-ಧಾರವಾಡದ ಬಗ್ಗೆ ಬರೆಯುವುದು ಹೆಚ್ಚೇನಿಲ್ಲ. ಚಿಗರಿ ಬಸ್ಸಿನಲ್ಲಿ ಕೂತು ಸುಮಾರು 22 ಕಿಲೋಮೀಟರ್ ಅಳೆದಿದ್ದೇನೆ, ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ. ನಿಮ್ಮ ಬೆಂಗಳೂರಿಗೆ ಏನೂ ಕಡಿಮೆ ಇಲ್ಲ. ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಮಾರನೇ ಜನವರಿಗೆಲ್ಲ ಜಿಯೋ ಪಟ್ಟಿಯಲ್ಲಿ ಗದಗ-ಬೆಟಗೇರಿ ಹೆಸರಿತ್ತು. ಗದಗ! ನೀನು ಬರೀ ಮಿರ್ಚಿ-ಬಜಿಗೆ ಅಂತ ನೆನೆಸಿಕೊಳ್ಳುವ ಊರು.

ತೊಂದರೆ ಇರುವುದು ಊರು ಬಿಟ್ಟ ಮೇಲೆ. ಕಾರವಾರ ರೋಡಿನಲ್ಲಿ ಕಲಘಟಗಿ ದಾಟಿ ಒಳಗೆ ತಿರುಗಿದರೆ ನೆಲ ಬೇರೆ. ನವಲಗುಂದದ ಕಡೆಯ ಹಾಗೆ ಚಪ್ಪಟೆ ಎರೆಹೊಲ ಅಲ್ಲ. ದಿಬ್ಬ, ತಗ್ಗು, ಕೆರೆ, ಭತ್ತ, ಗೋವಿನಜೋಳ, ಆಮೇಲೆ ಸಾಗವಾನಿ. ಈ ಸಾಗವಾನಿಯ ಬಗ್ಗೆ ನನ್ನ ಕಿರ್ದಿಯಲ್ಲಿ ಬೇರೆ ಪುಟವೇ ಇದೆ. ಬೇಸಿಗೆಯಲ್ಲಿ ಎಲೆ ಉದುರಿದಾಗ ನಮ್ಮ ಕಟ್ಟೆಯ ಮೇಲೆ ಮೈನಸ್ 103. ಮಳೆಗಾಲದಲ್ಲಿ ಮೊರದಷ್ಟು ದೊಡ್ಡ ಎಲೆ ಬಿಟ್ಟು, ಅದರ ಮೇಲೆ ನೀರು ನಿಂತಾಗ ಅದೇ ಕಟ್ಟೆಯ ಮೇಲೆ 111. ಟವರ್ ಅದೇ, ಫೋನ್ ಅದೇ. ಬದಲಾದದ್ದು ಎಲೆ ಮಾತ್ರ. ತರಂಗ ಸಣ್ಣದಾದಷ್ಟೂ ಅದಕ್ಕೆ ಹಸಿ ಎಲೆ, ಮಣ್ಣಿನ ಗೋಡೆ ಜಾಸ್ತಿ ಅಡ್ಡ ಬರುತ್ತವೆ. 900 ಮೆಗಾಹರ್ಟ್ಸ್ ಹೇಗೋ ನುಸುಳಿಕೊಂಡು ಬರುತ್ತೆ. 2300 ಬಾಗಿಲ ತನಕ ಬಂದು ನಿಲ್ಲುತ್ತೆ, ಕರೆದರೂ ಒಳಗೆ ಬರದ ಬೀಗರ ಹಾಗೆ.

ಹೋದ ವರ್ಷ ರೋಡಿನ ಪಕ್ಕದ ಟವರಿನಲ್ಲಿ ಅಪ್‌ಗ್ರೇಡ್ ಕೆಲಸ ಶುರುವಾಯ್ತು. ಯಾವ ಕಂಪನಿ ಅಂತ ಕೇಳಬೇಡ, ನನ್ನ ಸಿಮ್ಮಿನದು ಅಂದುಕೋ. ಕಂಪನಿಯವರು ಏನೂ ಹೇಳುವುದಿಲ್ಲ. ನಾವೇ ತಲೆ ಎತ್ತಿ ನೋಡಿ ತಿಳಿದುಕೊಳ್ಳಬೇಕು. ಹಳೇ ಆಂಟೆನಾ ಉದ್ದ, ತೆಳ್ಳಗೆ, ಬಾಗಿಲ ಪಟ್ಟಿಯ ಹಾಗೆ. ಹೊಸದು ಗಿಡ್ಡ, ದಪ್ಪ. ಅದು ಮೇಲೆ ಕಂಡ ದಿನವೇ ನನಗೆ ಖುಷಿ. ಆಮೇಲೆ ಕಣ್ಣು ಹೋಗುವುದು ನಗಾರಿಯ ಮೇಲೆ. ಟವರ್ ಮೇಲೆ ದುಂಡಗೆ ಇರುತ್ತದಲ್ಲ, ಅದನ್ನು ನಾನು ನಗಾರಿ ಅನ್ನುತ್ತೇನೆ. ಫೈಬರ್ ಕೇಬಲ್ ಬಂದಿರದ ಟವರು ಮುಂದಿನ ಟವರಿನ ಜತೆ ಮಾತಾಡುವುದು ಅದರಿಂದಲೇ. ಹೊಸ ಆಂಟೆನಾ ಕಟ್ಟಿ ನಗಾರಿ ಹಾಗೇ ಬಿಟ್ಟರೆ, ಫೋನಿನಲ್ಲಿ ಸಿಗ್ನಲ್ ಕಡ್ಡಿ ಫುಲ್ ತೋರಿಸುತ್ತೆ, ಸಂಜೆ ಏಳಕ್ಕೆ ಒಂದು ಫೋಟೊ ಹೋಗುವುದಿಲ್ಲ. ಕಡ್ಡಿ ಹೇಳುವುದು ನಿನ್ನ ಮತ್ತು ಟವರಿನ ನಡುವಿನ ಸುದ್ದಿ. ಟವರಿನ ಹಿಂದೆ ಏನಿದೆ ಅನ್ನುವುದನ್ನು ಅದು ಹೇಳಲ್ಲ. ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ನಳ ಇದ್ದ ಮಾತ್ರಕ್ಕೆ ನೀರು ಬರುತ್ತೆ ಅಂತ ನಾವ್ಯಾರೂ ನಂಬುವುದಿಲ್ಲ.

ನಮ್ಮ ಟವರಿಗೆ ಕೇಬಲ್ಲೂ ಬಂತು. ರೋಡಿನ ಮೇಲೆ ನಿಂತರೆ ಸ್ಪೀಡು ಜೋರು. ಕಿರ್ದಿಯಲ್ಲಿ ಷರಾ ಕಾಲಂನಲ್ಲಿ "ಉತ್ತಮ" ಅಂತ ಬರೆದೆ. ಆ ರಾತ್ರಿ ಅವ್ವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ನಾನು ದಿನಾ ಗುದ್ದಾಡುವ ಗಂಟು ಇದೇ, ಸ್ವಲ್ಪ ತಾಳ್ಮೆಯಿಂದ ಓದು. ನಮ್ಮ ಮನೆ ಎರಡು ಟವರಿನ ನಡುವೆ ಇದೆ. ಅಂಗಳದ ಕಡೆಯದು ಈ ರೋಡಿನ ಟವರು, ಧಾರವಾಡ ಜಿಲ್ಲೆ. ಹಿತ್ತಲಿನ ಕಡೆ, ಗದ್ದೆ ಮತ್ತು ಸಾಗವಾನಿ ದಾಟಿ ಇನ್ನೊಂದಿದೆ. ಅದು ಮುಂಡಗೋಡ ತಾಲೂಕು, ಉತ್ತರ ಕನ್ನಡ ಜಿಲ್ಲೆ. ಪಡಸಾಲೆಯಲ್ಲಿ ಫೋನು ಧಾರವಾಡದ್ದು. ಅಡುಗೆ ಮನೆಗೆ ಹೋದರೆ ಉತ್ತರ ಕನ್ನಡದ್ದು. ಅವ್ವ ಚಹಾ ಕುದಿಸಲು ಎದ್ದು ಹೋದರೆ ಅವಳ ಫೋನು ಜಿಲ್ಲೆ ದಾಟಿರುತ್ತದೆ.

ದಾಟಲಿ ಬಿಡು, ಏನೀಗ ಅನ್ನಬಹುದು. ಟವರುಗಳನ್ನು ಗುಂಪು ಗುಂಪಾಗಿ ಹಂಚಿರುತ್ತಾರೆ. ನಿನ್ನ ಫೋನು ಸುಮ್ನೆ ಜೇಬಿನಲ್ಲಿ ಇರುವಾಗ ನೀನು ಯಾವ ಟವರಿನ ಕೆಳಗಿದ್ದೀಯ ಅಂತ ಕಂಪನಿಗೆ ಗೊತ್ತಿರುವುದಿಲ್ಲ, ಯಾವ ಗುಂಪಿನಲ್ಲಿದ್ದೀಯ ಅಂತ ಮಾತ್ರ ಗೊತ್ತಿರುತ್ತೆ. ಕರೆ ಬಂದರೆ ಆ ಗುಂಪಿನ ಟವರುಗಳೆಲ್ಲ ಒಟ್ಟಿಗೆ ನಿನ್ನ ಹೆಸರು ಕೂಗುತ್ತವೆ. ಗುಂಪು ಬದಲಾದರೆ ಫೋನು "ನಾನೀಗ ಈ ಕಡೆ ಬಂದೆ" ಅಂತ ವರದಿ ಒಪ್ಪಿಸಬೇಕು. ಆ ವರದಿ ಹೋಗಿ ಮುಟ್ಟುವ ಹೊತ್ತಿನಲ್ಲಿ ಕರೆ ಬಂದರೆ, ಹಳೇ ಗುಂಪು ಕೂಗುತ್ತಿರುತ್ತೆ, ಫೋನು ಹೊಸ ಗುಂಪಿನಲ್ಲಿರುತ್ತೆ. ಕೂಗಿದವರಿಗೆ ಓ ಅನ್ನುವವರಿಲ್ಲ. ನಿನಗೆ ಕೇಳಿಸುವುದು "ನೀವು ಕರೆ ಮಾಡಿರುವ ಚಂದಾದಾರರು". ನನ್ನ ಆ್ಯಪಿನಲ್ಲಿ (ಸಿಗ್ನಲ್ ಅಳೆಯುವುದು ಅದರಲ್ಲೇ) ಎರಡೂ ಟವರಿನ ಗುಂಪಿನ ನಂಬರ್ ಬೇರೆ ಬೇರೆ. ಗುಂಪಿನ ಗೆರೆ ಸರಿಯಾಗಿ ನಮ್ಮ ದೇವರ ಕೋಣೆಯ ಮೇಲೆ ಹಾದು ಹೋಗಿದೆ.

ಮೊದಲು ಇಷ್ಟು ತ್ರಾಸ ಇರಲಿಲ್ಲ. ಎರಡೂ ಟವರು ಹಳೇವು, ಎರಡೂ ಬಡವು. ಹಿತ್ತಲಿನದು ಸ್ವಲ್ಪ ಗಟ್ಟಿ ಇತ್ತು, ಫೋನು ಅದನ್ನೇ ಹಿಡಿದುಕೊಂಡು ಇರುತ್ತಿತ್ತು. ಅಪ್‌ಗ್ರೇಡ್ ಆದ ಮೇಲೆ ರೋಡಿನ ಟವರಿಗೆ ಹೊಸ ಬ್ಯಾಂಡ್ ಬಂತು. ಹೊಸ ಬ್ಯಾಂಡಿಗೆ ಮೊದಲ ಮಣೆ ಹಾಕು ಅಂತ ಫೋನಿಗೆ ಟವರಿನಿಂದಲೇ ಹುಕುಂ ಇರುತ್ತೆ. ಕ್ಷೀಣವಾಗಿ ಕಂಡರೂ ಸಾಕು, ಫೋನು ಆ ಕಡೆ ಓಡುತ್ತೆ. ಅವ್ವ ಎರಡು ಹೆಜ್ಜೆ ಒಳಗೆ ಹೋದರೆ ಅದು ಸಾಯುತ್ತೆ, ಫೋನು ಮತ್ತೆ ಹಿತ್ತಲಿಗೆ. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ, ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ.

ಫೋನಿಗೆ ಒಂದೇ ಜಾಗ ಮಾಡಿಕೊಟ್ಟೆ. ಅಡುಗೆ ಮನೆ ಗೋಡೆಯಲ್ಲಿ ಒಂದು ಮಾಡ ಇದೆ, ಮೊದಲು ಚಿಮಣಿ ಇಡುತ್ತಿದ್ದದ್ದು. ಅದರ ಎಡಮೂಲೆಯಲ್ಲಿ, ಉಪ್ಪಿನ ಭರಣಿಗೆ ಒರಗಿಸಿ ನಿಲ್ಲಿಸಿದರೆ ಹಿತ್ತಲಿನ ಟವರು ಮೈನಸ್ 101. ಭರಣಿ ತೆಗೆದರೆ ಫೋನು ಬಾಗುತ್ತೆ, 108. "ಅವ್ವಾ, ಭರಣಿ ಸರಸಬ್ಯಾಡ" ಅಂತ ಹೇಳಿ ಬಂದೆ. ಅವಳು "ಉಪ್ಪಿಲ್ದ ಸಾರ ಮಾಡ್ಲೇನ? ನಿನ ಟಾವರ್ ಸುದ್ದಿ ಸಾಕ ಬಿಡ, ಊಟಾ ಮಾಡ" ಅಂದಳು.

ಆಮೇಲೆ ಕಂಪನಿಗೆ ದೂರು ಕೊಡೋಣ ಅಂತ ಹೊರಟೆ. ಕಸ್ಟಮರ್ ಕೇರ್‌ಗೆ ಮಾಡಿ ಕನ್ನಡಕ್ಕೆ ಇದನ್ನೊತ್ತಿ, ಅದನ್ನೊತ್ತಿ ಆದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ನಾನು ಅವಸರದಲ್ಲಿ ಮನೆಯ ಮಾತಿನಲ್ಲೇ ಶುರು ಮಾಡಿದೆ. "ನಮ್ಮವ್ವಗ ಫೋನ್ ಹತ್ತವಲ್ದುರಿ, ಎರಡೂ ಕಡೆ ಟಾವರ್ ಐತಿ." ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ ಗಾಬರಿಯಿಂದ, "ಸರ್, ನಿಮ್ಮ ತಾಯಿ ಟವರ್ ಹತ್ತಿದ್ದಾರಾ?"

ನಗು ಬಂತು, ಸಿಟ್ಟೂ ಬಂತು. ನಮ್ಮಲ್ಲಿ ಫೋನು ಹತ್ತುತ್ತೆ, ದೀಪ ಹತ್ತುತ್ತೆ, ಬಸ್ಸನ್ನೂ ಹತ್ತುತ್ತೇವೆ. ನಿಮ್ಮಲ್ಲಿ ಫೋನು ಕನೆಕ್ಟ್ ಆಗುತ್ತೆ. ನಾನು ನಿಮ್ಮ ಕನ್ನಡಕ್ಕೆ ಬದಲಿಸಿಕೊಂಡು ಮತ್ತೆ ಹೇಳಿದೆ, ಈಗ ಬರೆಯುತ್ತಿರುವ ಹಾಗೆ. ಯಾವಾಗಲೂ ಬದಲಿಸಿಕೊಳ್ಳುವವರು ನಾವೇ, ಗಮನಿಸಿದ್ದೀಯಾ? ಹುಬ್ಬಳ್ಳಿ ಸ್ಟೇಷನ್ನಿನಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರ್ಮ್ ಇದೆ, ನೀನು ಇಳಿದಾಗ ನಡೆದು ಸಾಕಾಯ್ತು ಅಂದೆ. ಅದರ ಮೇಲೆ ನಿಂತು ನಿನ್ನ ಜತೆ ಮಾತಾಡುವಾಗಲೂ ನಾನು ನಿನ್ನ ಕನ್ನಡವನ್ನೇ ಆಡಿದ್ದೆ. ನನ್ನೂರಿನಲ್ಲಿ. ಇರಲಿ ಬಿಡು, ಟವರಿಗೆ ಬರುತ್ತೇನೆ.

ದೂರು ಪಿನ್‌ಕೋಡ್ ನೋಡಿಕೊಂಡು ಹುಬ್ಬಳ್ಳಿ ಕಡೆಯ ಎಂಜಿನಿಯರ್‌ಗೆ ಹೋಯ್ತು. ಪಾಪ, ಒಳ್ಳೆಯ ಮನುಷ್ಯ, ತಾನೇ ಫೋನ್ ಮಾಡಿದ. "ನಿಮ್ಮ ಮನಿಗೆ ಗಟ್ಟಿ ಬರೋದು ಹಿಂದಿನ ಟಾವರ್ರಿ. ಅದು ನಮ್ಮದಲ್ಲ, ಕಾರವಾರ ಜಿಲ್ಲೇದು." ಸರಿ, ಅವರಿಗೆ ಕಳಿಸಿ ಅಂದೆ. ಕಳಿಸಲು ಬರುವುದಿಲ್ಲವಂತೆ, ಹೊಸ ದೂರು ಕೊಡಬೇಕಂತೆ. ಹೊಸ ದೂರು ಕೊಟ್ಟೆ. ಪಿನ್‌ಕೋಡ್ ಕೇಳಿದರು. ಪಿನ್‌ಕೋಡ್ ನಮ್ಮದೇ ಅಲ್ಲವೇ, ಮತ್ತೆ ಹುಬ್ಬಳ್ಳಿಗೇ ಬಂತು. ಅದೇ ಎಂಜಿನಿಯರ್. "ಮತ್ತ ನೀವೇನ್ರಿ?" ಅಂದ. ಮೂರನೇ ಸಲ, ಹಿತ್ತಲಿನ ಕಡೆಯ ಊರಿನ ಗೆಳೆಯನ ಪಿನ್‌ಕೋಡ್ ಹಾಕಿ ದೂರು ಕೊಟ್ಟೆ. ಆ ಕಡೆಯವರು ಆ ಊರಿಗೇ ಹೋಗಿ ಅಳೆದು, ಸಿಗ್ನಲ್ ಚೆನ್ನಾಗಿದೆ ಅಂತ ಬರೆದುಕೊಂಡು ಹೋದರು. ನನಗೆ ಮೆಸೇಜ್ ಬಂತು: ನಿಮ್ಮ ದೂರನ್ನು ಬಗೆಹರಿಸಲಾಗಿದೆ. ಅದು ಬಂದಾಗ ನಾನು ಹಿತ್ತಲಿನಲ್ಲಿದ್ದೆ. ಅಂಗಳಕ್ಕೆ ಬಂದ ಮೇಲೆ ಅದೇ ಮೆಸೇಜ್ ಇನ್ನೊಂದು ಸಲ ಬಂತು.

ಇದೊಂದೇ ಅಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮಶೀನಿಗೂ ಇದೇ ರೋಗ. ಅಕ್ಕಿ ಚೀಲ ಒಳಗೆ, ಮಶೀನು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ. ಜನ ಕಟ್ಟೆಗೆ ಹೋಗಿ ಬೆರಳು ಕೊಟ್ಟು, ಒಳಗೆ ಬಂದು ಅಕ್ಕಿ ತಗೋತಾರೆ. ಯಾರೂ ಗೊಣಗುವುದಿಲ್ಲ. ಕಟ್ಟೆಯ ಯಾವ ಕಲ್ಲಿನ ಮೇಲೆ ಇಟ್ಟರೆ ನಡೆಯುತ್ತೆ ಅಂತ ಕೇಳಿದರು, ನಾನು ಅಳೆದು ತೋರಿಸಿದೆ. ಈಗ ಆ ಕಲ್ಲಿಗೆ ಸುಣ್ಣದಲ್ಲಿ ಒಂದು ಗುರುತಿದೆ. ರೇಂಜ್ ಕಾಕಾ ಹಾಕಿದ್ದು.

ಹಾಗಾಗಿ "ಇನ್ನೂ ಅದೆಲ್ಲ ದೊಡ್ಡ ವಿಷಯನಾ" ಅಂತ ಕೇಳಿದೆಯಲ್ಲ, ಹೌದು, ದೊಡ್ಡದೇ. ಹೋದ ಭಾನುವಾರ ಮುಂಡಗೋಡ ಕಡೆಯ ಟವರಿನ ಬುಡದಲ್ಲಿ ಹೊಸ ಪೆಟ್ಟಿಗೆ ಇಳಿಸಿದ್ದು ನೋಡಿ ಬಂದೆ. ಮೇಲೆ ಇನ್ನೂ ಏನೂ ಏರಿಲ್ಲ. ಕಾವಲಿನವನಿಗೆ ಚುರುಮುರಿ ಕೊಡಿಸಿ ಕೇಳಿದೆ, "ಯಾವಾಗ ಕಟ್ತಾರ?" ಅವನು ಆಕಾಶ ನೋಡಿ, "ಮಳಿ ನಿಂತ ಮ್ಯಾಲರಿ" ಅಂದ. ಕಿರ್ದಿಯಲ್ಲಿ ಬರೆದುಕೊಂಡಿದ್ದೇನೆ.

ಶ್ರಾವಣದ ಎರಡು ವಾರ ನಾನು ಊರಲ್ಲೇ ಇರುತ್ತೇನೆ. ನೀನು ಫೋನ್ ಮಾಡಿದಾಗ ಸ್ವಿಚ್ ಆಫ್ ಅಂದರೆ ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡು. ಹಿತ್ತಲಿಂದ ಅಂಗಳಕ್ಕೆ ಬರುತ್ತಿರುತ್ತೇನೆ.