ಮಾತ್ರೆ, ಕರೆಂಟು, ವಂಶ: ಓದುಗರ ಪ್ರಶ್ನೆಗಳಿಗೆ ಮನೋವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 27 ವರ್ಷ. ಬೈಪೋಲಾರ್ ಕಾಯಿಲೆ (ಒಮ್ಮೆ ವಿಪರೀತ ಹುರುಪಿನ ಉನ್ಮಾದ, ಇನ್ನೊಮ್ಮೆ ಖಿನ್ನತೆ) ಅಂತ ನಾಲ್ಕು ವರ್ಷದಿಂದ ಲಿಥಿಯಂ ಮಾತ್ರೆ ತಗೋತಿದ್ದಾನೆ. ಈಗ ಆರಾಮಾಗಿದ್ದಾನೆ, ತೋಟ ಅವನೇ ನೋಡಿಕೊಳ್ಳುತ್ತಾನೆ. ‘ಮೆದುಳಲ್ಲಿ ಕೆಮಿಕಲ್ ಏರುಪೇರಾಗಿದೆ’ ಅಂತ ಆಗ ಹೇಳಿದ್ದರು. ಮೂರು ತಿಂಗಳಿಗೊಮ್ಮೆ ರಕ್ತ ತೆಗೆಯೋದು ಅದನ್ನು ನೋಡೋದಕ್ಕೇ ಅಂದುಕೊಂಡಿದ್ದೆವು. ಈಗ ರಿಪೋರ್ಟ್ ನಾರ್ಮಲ್ ಬರುತ್ತಿದೆ. ಅಷ್ಟರಲ್ಲಿ ನನ್ನ ತಂಗಿಯ ಮಗ ಒಂದು ವಿಡಿಯೋ ಕಳಿಸಿದ. ಕೆಮಿಕಲ್ ಏರುಪೇರು ಅನ್ನೋದೇ ಸುಳ್ಳಂತೆ. ರಿಪೋರ್ಟೂ ನಾರ್ಮಲ್, ಕಾರಣವೂ ಸುಳ್ಳು ಅಂದಮೇಲೆ ಮಾತ್ರೆ ನಿಲ್ಲಿಸಬಹುದಲ್ವಾ?
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ನಿಲ್ಲಿಸಬೇಡಿ. ಮೊದಲು ರಿಪೋರ್ಟಿನ ವಿಷಯ ನೋಡೋಣ. ಆ ರಕ್ತಪರೀಕ್ಷೆ ಕಾಯಿಲೆಯನ್ನು ಅಳೆಯುವುದೇ ಇಲ್ಲ. ಮಗ ನುಂಗಿದ ಲಿಥಿಯಂ ರಕ್ತದಲ್ಲಿ ಎಷ್ಟಿದೆ ಅಂತ ಮಾತ್ರ ಅಳೆಯುತ್ತದೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಡೋಸ್ ಸರಿಯಾಗಿದೆ ಅಂತ. ಮಾತ್ರೆಯನ್ನೇ ತಗೊಳ್ಳದ ನನಗೂ ನಿಮಗೂ ಅದೇ ಪರೀಕ್ಷೆ ಮಾಡಿದರೆ ಹೆಚ್ಚುಕಮ್ಮಿ ಸೊನ್ನೆ ಬರುತ್ತದೆ. ನಾರ್ಮಲ್ ಅಂದರೆ ಕಾಯಿಲೆ ಹೋಗಿದೆ ಅಂತಲ್ಲ, ಮಗ ದಿನಾ ತಪ್ಪದೆ ಮಾತ್ರೆ ನುಂಗುತ್ತಿದ್ದಾನೆ ಅಂತ. ಇದನ್ನು ನಿಮಗೆ ಯಾರೂ ಬಿಡಿಸಿ ಹೇಳಿಲ್ಲ ಅನ್ನೋದು ನಮ್ಮ ವೈದ್ಯರ ತಪ್ಪೇ, ಒಪಿಡಿಯ ನೂಕುನುಗ್ಗಲು ಅಂತ ನೆಪ ಹೇಳಿ ಪ್ರಯೋಜನವಿಲ್ಲ.

ಬೈಪೋಲಾರ್ ಇದೆಯಾ ಇಲ್ಲವಾ ಅಂತ ಹೇಳುವ ರಕ್ತಪರೀಕ್ಷೆ ಆಗಲಿ, ಸ್ಕ್ಯಾನ್ ಆಗಲಿ ಇವತ್ತಿಗೂ ಇಲ್ಲ. ಶುರುವಿನಲ್ಲಿ ಥೈರಾಯ್ಡ್, ಬಿ12, ಕೆಲವು ಸಲ ಸ್ಕ್ಯಾನ್ ಎಲ್ಲ ಮಾಡಿಸುತ್ತೇವಲ್ಲ, ಅದು ಬೇರೆ ಕಾಯಿಲೆಯೇನಾದರೂ ಮನಸ್ಸಿನ ಕಾಯಿಲೆಯ ವೇಷ ಹಾಕಿಕೊಂಡು ಬಂದಿದೆಯಾ ಅಂತ ನೋಡೋದಕ್ಕೆ.

ಇನ್ನು ನಿಮ್ಮ ತಂಗಿಯ ಮಗನ ವಿಡಿಯೋ. ಹುಡುಗ ಪೂರ್ತಿ ತಪ್ಪಿಲ್ಲ. ಈ ‘ಕೆಮಿಕಲ್’ ಕಥೆಯ ಒಂದು ಎಳೆ ನಮ್ಮ ದೇಶದಿಂದಲೇ ಹೋದದ್ದು. ಸರ್ಪಗಂಧದ ಬೇರು ಗೊತ್ತಲ್ಲ? ಅದರಿಂದ ರಕ್ತದೊತ್ತಡವೂ ಇಳಿಯುತ್ತದೆ, ಹುಚ್ಚಿನ ಆರ್ಭಟವೂ ತಗ್ಗುತ್ತದೆ ಅಂತ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಅದರಿಂದ ರಿಸರ್ಪಿನ್ ಅನ್ನುವ ಅಂಶ ಬೇರ್ಪಡಿಸಿದರು. ಬಿಪಿಗೆ ಅಂತ ಅದನ್ನು ತಗೊಂಡವರಲ್ಲಿ ಕೆಲವರು ಮಂಕಾದರು. ಅದು ಮೆದುಳಿನ ಸಿರೊಟೋನಿನ್ ಮುಂತಾದ ರಾಸಾಯನಿಕಗಳನ್ನು ಬರಿದು ಮಾಡುತ್ತದೆ ಅಂತಲೂ ಗೊತ್ತಾಯಿತು. ಅದೇ ಕಾಲಕ್ಕೆ ಕ್ಷಯದ ಮಾತ್ರೆ ಐಪ್ರೊನಯಾಜಿಡ್ ಕೊಟ್ಟರೆ ರೋಗಿಗಳಿಗೆ ಹುರುಪು ಬರೋದು ಕಂಡಿತು, ಅದು ಇದೇ ರಾಸಾಯನಿಕಗಳನ್ನು ಹೆಚ್ಚಿಸುತ್ತಿತ್ತು. ಎರಡನ್ನೂ ಕೂಡಿಸಿ, ಕಮ್ಮಿಯಾದರೆ ಖಿನ್ನತೆ ಅಂತ ತೀರ್ಮಾನಕ್ಕೆ ಬಂದರು. ಊಹೆಯೇನೋ ಒಳ್ಳೆಯದೇ. ಆದರೆ ಖಿನ್ನತೆ ಇರುವವರಲ್ಲಿ ಸಿರೊಟೋನಿನ್ ಕಮ್ಮಿ ಇರುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಕಾಣಲಿಲ್ಲ ಅಂತ 2022ರಲ್ಲಿ ಲಂಡನ್ನಿನ ಮನೋವೈದ್ಯೆ ಜೊಆನ್ನಾ ಮಾಂಕ್ರೀಫ್ ಮತ್ತು ಸಂಗಡಿಗರು ಹಳೆಯ ಸಂಶೋಧನೆಗಳನ್ನೆಲ್ಲ ತಿರುವಿ ನೋಡಿ ಬರೆದರು. ವಿಡಿಯೋದವರು ಹಿಡಿದುಕೊಂಡಿರೋದು ಬಹುಶಃ ಅದನ್ನೇ. ಅದು ಖಿನ್ನತೆಯ ಕಾರಣದ ಬಗ್ಗೆ ಬರೆದದ್ದು, ಬೈಪೋಲಾರ್ ಬಗ್ಗೆ ಅಲ್ಲ. ಲಿಥಿಯಂ ಕೆಲಸ ಮಾಡುತ್ತದೋ ಇಲ್ಲವೋ ಅನ್ನೋ ಪ್ರಶ್ನೆಯೇ ಅಲ್ಲಿ ಬಂದಿಲ್ಲ.

ಕಾರಣ ತಪ್ಪಾಗಿದ್ದೂ ಔಷಧ ಸರಿ ಇರಬಹುದು. ಲಿಥಿಯಂ ಕಥೆಯೇ ಕೇಳಿ. ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ವೈದ್ಯರಿಗೆ ಉನ್ಮಾದಕ್ಕೆ ದೇಹದೊಳಗಿನ ಯಾವುದೋ ವಿಷವೇ ಕಾರಣ ಅಂತ ಗುಮಾನಿ. ರೋಗಿಗಳ ಮೂತ್ರವನ್ನು ಗಿನಿಯಿಲಿಗಳಿಗೆ ಚುಚ್ಚಿದರು. ಆಮೇಲೆ ಮೂತ್ರದಲ್ಲಿರುವ ಯೂರಿಕ್ ಆಮ್ಲವನ್ನು ಪರೀಕ್ಷಿಸಬೇಕು ಅಂತ, ನೀರಲ್ಲಿ ಸಲೀಸಾಗಿ ಕರಗಲಿ ಅನ್ನೋ ಒಂದೇ ಕಾರಣಕ್ಕೆ, ಅದರ ಲಿಥಿಯಂ ಲವಣ ಬಳಸಿದರು. ಇಲಿಗಳು ಮಂಕಾಗಿ ಬಿದ್ದುಕೊಂಡವು. ಅವಕ್ಕೆ ಡೋಸ್ ಜಾಸ್ತಿಯಾಗಿದ್ದಿರಬೇಕು ಅಂತ ಈಗ ಅನೇಕರು ಹೇಳುತ್ತಾರೆ. 1949ರಲ್ಲಿ, ಲಿಥಿಯಂ ಕೊಟ್ಟಾಗ ಹತ್ತು ಉನ್ಮಾದ ರೋಗಿಗಳು ಸುಧಾರಿಸಿದ ವರದಿ ಪ್ರಕಟಿಸಿದರು. ಯೂರಿಕ್ ಆಮ್ಲದ ಮಾತು ಬಿದ್ದುಹೋಯಿತು, ಲಿಥಿಯಂ ಉಳಿಯಿತು. ಮೊದಲ ರೋಗಿ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದವನು, ಗುಣವಾಗಿ ಮನೆಗೆ ಹೋದ. ಮಾತ್ರೆ ಬಿಟ್ಟ, ಕಾಯಿಲೆ ಮರಳಿತು. ಮತ್ತೆ ಶುರು ಮಾಡಿದರು, ಕೊನೆಗೆ 1950ರಲ್ಲಿ ಲಿಥಿಯಂ ವಿಷವೇರಿಯೇ ಸತ್ತ. ರಕ್ತದಲ್ಲಿ ಎಷ್ಟಿದೆ ಅಂತ ಆಗ ಅಳೆಯುತ್ತಿರಲಿಲ್ಲ. ನಿಮ್ಮ ಮಗನ ತೋಳಿಂದ ಮೂರು ತಿಂಗಳಿಗೊಮ್ಮೆ ರಕ್ತ ತೆಗೆಯೋದು ಇದಕ್ಕೇ.

ಪರೀಕ್ಷೆಯ ದಿನ, ಹಿಂದಿನ ರಾತ್ರಿಯ ಡೋಸ್ ಆಗಿ 12 ತಾಸು ಆದಮೇಲೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟಮೇಲೆ ನುಂಗಲಿ. ಇನ್ನೊಂದು ಚಿಕ್ಕ ಮಾತು, ಲ್ಯಾಬಿನವರು ಬೈದುಕೊಂಡರೂ ಪರವಾಗಿಲ್ಲ: ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಸಾಮಾನ್ಯವಾಗಿ ಲಿಥಿಯಂ ಹೆಪಾರಿನ್ ಹಾಕಿರುತ್ತಾರೆ. ಅದರಲ್ಲಿ ತೆಗೆದರೆ ಟ್ಯೂಬಿನ ಲಿಥಿಯಂ ಕೂಡ ಸೇರಿ ರಿಪೋರ್ಟ್ ಸುಮ್ನೆ ಜಾಸ್ತಿ ತೋರಿಸುತ್ತದೆ. ‘ಲಿಥಿಯಂ ಲೆವೆಲ್ ನೋಡೋದಕ್ಕೆ’ ಅಂತ ಮೊದಲೇ ಹೇಳಿಬಿಡಿ. ಆರು ತಿಂಗಳಿಗೊಮ್ಮೆ ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಆಗಲಿ. ಬಿಸಿಲಲ್ಲಿ ಬೆವರು ಸುರಿಸಿ ಕೆಲಸ ಮಾಡುವವನು, ನೀರು ಕಮ್ಮಿ ಕುಡಿದರೆ ಲಿಥಿಯಂ ಏರುತ್ತದೆ. ಉಪ್ಪು ಒಮ್ಮೆಲೇ ಬಿಟ್ಟರೂ ಅಷ್ಟೇ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೇನ್ ತಂದು ನುಂಗಬಾರದು, ಪ್ಯಾರಾಸಿಟಮಾಲ್ ಸಾಕು. ಬೆರಳು ಸ್ವಲ್ಪ ನಡುಗೋದು, ಬಾಯಾರಿಕೆ, ಇವನ್ನು ಮುಂದಿನ ಭೇಟಿಯಲ್ಲಿ ಹೇಳಿದರಾಯಿತು. ಆದರೆ ವಾಂತಿಭೇದಿ, ಕೈ ಜೋರಾಗಿ ನಡುಗೋದು, ತೂರಾಡೋದು, ಮಾತು ತೊದಲೋದು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂದೆ ಯಾವಾಗಲಾದರೂ ಬಿಡುವ ಯೋಚನೆ ಇದ್ದರೆ ವೈದ್ಯರ ಜೊತೆ ಕೂತು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಬೇಕು. ದಿಢೀರ್ ಅಂತ ಬಿಟ್ಟವರಲ್ಲಿ ಉನ್ಮಾದ ಮರುಕಳಿಸೋದು ಜಾಸ್ತಿ.

ಪ್ರಶ್ನೆ: ನನ್ನ ತಂಗಿಗೆ ಹೆರಿಗೆಯಾಗಿ ಒಂದೂವರೆ ತಿಂಗಳು. ಊಟ ಬಿಟ್ಟಿದ್ದಾಳೆ, ಮಾತಿಲ್ಲ, ಮಗುವನ್ನು ಮುಟ್ಟುತ್ತಿಲ್ಲ. ಸಾಯಬೇಕು ಅಂತಾಳೆ. ತಲೆಗೆ ಕರೆಂಟ್ (ಶಾಕ್ ಚಿಕಿತ್ಸೆ) ಕೊಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಭಾವನ ಮನೆಯವರು ಬಿಲ್‌ಕುಲ್ ಬೇಡ ಅಂತಿದ್ದಾರೆ. ಮೆದುಳು ಸುಟ್ಟುಹೋಗುತ್ತಾ?
– ಓದುಗ, ಗದಗ

ಉತ್ತರ: ಸುಡೋದಿಲ್ಲ. ಊಟ ಬಿಟ್ಟ, ಸಾಯುವ ಮಾತಾಡುವ ಬಾಣಂತಿಗೆ ಇದು ಬೇಗ ಕೆಲಸ ಮಾಡುವ ಚಿಕಿತ್ಸೆ. ಮಾತ್ರೆಗೆ ಎರಡು ಮೂರು ವಾರ ಬೇಕು, ಅಷ್ಟು ಕಾಯುವ ಸ್ಥಿತಿಯಲ್ಲಿ ನಿಮ್ಮ ತಂಗಿ ಇಲ್ಲ ಅನಿಸುತ್ತದೆ.

ಭಾವನ ಮನೆಯವರು ಹೆದರಿರೋದು ಸಿನಿಮಾ ನೋಡಿ. ಅದಕ್ಕೆ ಹಳೆಯ ಆಧಾರವಿದೆ, ಸುಳ್ಳು ಹೇಳಲಾರೆ. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಅನ್ನುವ ವೈದ್ಯರು ಇದನ್ನು ಶುರು ಮಾಡಿದಾಗ ಅರಿವಳಿಕೆ ಇರಲಿಲ್ಲ, ಸೆಳೆತಕ್ಕೆ ಮೂಳೆ ಮುರಿಯುತ್ತಿತ್ತು. ಅದರ ಹಿಂದಿನ ವಾದವೂ ತಪ್ಪೇ. ಮೂರ್ಛೆರೋಗ ಇದ್ದವರಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಸುಳ್ಳು ಅನುಮಾನ ಗಟ್ಟಿಯಾಗುವ ಮನೋರೋಗ) ಬರೋದಿಲ್ಲ, ಹಾಗಾಗಿ ಮೂರ್ಛೆ ಬರಿಸಿದರೆ ಗುಣವಾಗುತ್ತದೆ ಅಂತ ಬುಡಾಪೆಸ್ಟಿನ ವೈದ್ಯ ಮೆದುನಾ ನಂಬಿದ್ದರು. ಆ ನಂಬಿಕೆ ಹೋಯಿತು. ತೀವ್ರ ಖಿನ್ನತೆಗೆ ಮೂರ್ಛೆಯಿಂದಲೇ ಲಾಭ ಅನ್ನೋದು ನಿಂತಿತು.

ಈಗ ಖಾಲಿ ಹೊಟ್ಟೆಯಲ್ಲಿ ಕರೆದೊಯ್ದು, ಕೆಲವೇ ನಿಮಿಷದ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಕರೆಂಟು ಹರಿಯೋದು ಕೆಲವು ಸೆಕೆಂಡು, ಮೂರ್ಛೆ ಒಂದು ನಿಮಿಷದ ಒಳಗೆ. ಹೆಚ್ಚಾಗಿ ಆರರಿಂದ ಹನ್ನೆರಡು ಸಲ. ಅರಿವಳಿಕೆ, ಸ್ನಾಯು ಸಡಿಲಿಸುವ ಇಂಜೆಕ್ಷನ್ ಎರಡೂ ಇಲ್ಲದೆ ಕರೆಂಟ್ ಕೊಡೋದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ. ಒಪ್ಪಿಗೆಯೂ ಬೇಕು. ‘ಅರಿವಳಿಕೆ ತಜ್ಞರು ಇರ್ತಾರಾ?’ ಅಂತ ನೀವು ಧೈರ್ಯವಾಗಿ ಕೇಳಿ, ಕೇಳಿದ್ದಕ್ಕೆ ಸಿಡುಕುವ ಜಾಗದಲ್ಲಿ ಮಾಡಿಸಬೇಡಿ. ಮರೆವು ಆಗುತ್ತದೆ. ಆ ಕೆಲವು ವಾರಗಳ ಸಂಗತಿಗಳು ಕೆಲವರಿಗೆ ಮತ್ತೆ ನೆನಪಿಗೆ ಬರೋದೇ ಇಲ್ಲ. ಇದನ್ನು ಮುಚ್ಚಿಟ್ಟು ಒಪ್ಪಿಸಬಾರದು. ಗುಣವಾದ ಮೇಲೂ ಮಾತ್ರೆ ಮುಂದುವರಿಯಬೇಕು. ಅಲ್ಲಿಯವರೆಗೆ ತಂಗಿಯನ್ನಾಗಲಿ ಮಗುವನ್ನಾಗಲಿ ಒಂಟಿಯಾಗಿ ಬಿಡಬೇಡಿ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕೈಮೀರಿದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಣ್ಣನಿಗೆ ಸ್ಕಿಜೋಫ್ರೇನಿಯಾ. ನನಗೆ ಗಂಡು ನೋಡುತ್ತಿದ್ದಾರೆ. ‘ವಂಶದಲ್ಲಿದೆ’ ಅಂತ ಸಂಬಂಧ ಮುರಿಯುತ್ತದೆ, ಹೇಳಬೇಡ ಅಂತಾರೆ ಅಮ್ಮ. ನನಗೂ ಬರುತ್ತಾ? ಜೀನ್ ಟೆಸ್ಟ್ ಮಾಡಿಸಲಾ?
– ಒಬ್ಬ ಓದುಗರು, ತುಮಕೂರು

ಉತ್ತರ: ಟೆಸ್ಟ್ ಬೇಡಮ್ಮಾ, ದುಡ್ಡು ದಂಡ. ಈ ಕಾಯಿಲೆಗೆ ಒಂದೇ ಜೀನ್ ಅಂತಿಲ್ಲ. 2014ರ ಒಂದು ದೊಡ್ಡ ಅಧ್ಯಯನದಲ್ಲೇ ಡಿಎನ್‌ಎಯಲ್ಲಿ ಸಂಬಂಧಪಟ್ಟ 108 ಜಾಗಗಳು ಸಿಕ್ಕವು. ಒಂದೊಂದರದೂ ಚೂರುಪಾರು ಪಾಲು. ಸಾಮಾನ್ಯವಾಗಿ 100 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ, ಒಡಹುಟ್ಟಿದವರಿಗಿದ್ದರೆ 100ರಲ್ಲಿ ಹೆಚ್ಚುಕಮ್ಮಿ ಒಂಬತ್ತು ಜನಕ್ಕೆ. ಅಂದರೆ ತೊಂಬತ್ತಕ್ಕೂ ಜಾಸ್ತಿ ಜನಕ್ಕೆ ಬರೋದಿಲ್ಲ. ಒಂದೇ ಅಂಡದ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರೋದು ಅರ್ಧದಷ್ಟು ಸಲವೇ. ನಿಮ್ಮ ಮಕ್ಕಳಿಗೆ ಅಪಾಯ ಇನ್ನೂ ಕಮ್ಮಿ.

ಹುಡುಗನಿಗೆ ಹೇಳಿ, ಅಮ್ಮನನ್ನು ಒಪ್ಪಿಸಿ. ನಿಶ್ಚಿತಾರ್ಥಕ್ಕೆ ಮುಂಚೆ, ಮಧ್ಯಸ್ಥರ ಕೈಲಿ ಅಲ್ಲ, ನೀವೇ. ‘ಅಣ್ಣನಿಗೆ ಈ ಕಾಯಿಲೆ ಇದೆ, ಔಷಧ ನಡೀತಿದೆ’ ಅಂದರೆ ಸಾಕು. ಅವರಿಗೆ ಅನುಮಾನವಿದ್ದರೆ ಇಬ್ಬರೂ ಒಟ್ಟಿಗೆ ಅಣ್ಣನ ಡಾಕ್ಟರ ಹತ್ತಿರ ಹೋಗಿ ಕೇಳಬಹುದು. ಅಣ್ಣನ ಒಪ್ಪಿಗೆ ಮೊದಲು ಕೇಳಿ, ಕಾಯಿಲೆ ಅವನದು.